ಐದನೆಯ ಆಯಾಮದಲ್ಲಿ ಪಂಕ್ತಿಭೇದ

ಸಾಗರ
೧೪ ಏಪ್ರಿಲ್ ೧೯೮೫

ಪ್ರೀತಿಯ ಗೋಪಾಲಪ್ಪ ಭಾವನವರಿಗೆ,

ನಿಮ್ಮ ತಮ್ಮನ ಹೆಂಡತಿ ವರದಾಳ ನಮಸ್ಕಾರಗಳು. (ಹೆಂಡತಿ ಎಂದು ಬರೆಯುವಾಗ ಈಗಲೂ ನಾಚಿಕೆ!) ಬೊಂಬಾಯಿಯ ಸೆಖೆಯಲ್ಲಿ ಹೇಗಿದ್ದೀರಿ? ಅಕ್ಕನ ಕೆಮ್ಮು ನಿಂತಿತೇ?

ಇಲ್ಲಿಯ ಸುದ್ದಿ ಒಳ್ಳೆಯದಲ್ಲ. ನಾವಿಬ್ಬರೂ ತುಮರಿಯ ಕಡೆ ಕಾಡು ಸುತ್ತಿ ಬಂದ ಮೇಲೆ ಇವರಿಗೆ ಹಿಡಿದ ಮಂಗನ ಕಾಯಿಲೆ ಬಿಟ್ಟಿತೆಂದು ಬರೆದಿದ್ದೆನಲ್ಲ, ಜ್ವರ ಮತ್ತೆ ಬಂದಿದೆ. ಈ ಸಲ ತಲೆಗೇ ಏರಿದೆ, ಕುತ್ತಿಗೆ ಬಗ್ಗುತ್ತಿಲ್ಲ. ಬಿಟ್ಟ ಹಾಗೆ ಮಾಡಿ ಮತ್ತೆ ಹಿಡಿಯುವುದೇ ಈ ರೋಗದ ಗುಣವೆಂದರು ಡಾಕ್ಟರು. ಅತ್ತೆ ಮಾತ್ರ, "ಕಾಡು ತೋರ್ಸಿ ಅಂತ ಕುಣಿದೋಳು ನೀನೇ ಅಲ್ವೇನೇ?" ಎನ್ನುತ್ತಾರೆ. ಹೌದು, ನಾನೇ.

ನೀವೂ ಇವರೂ ಸೇರಿ ಭೌತಶಾಸ್ತ್ರದ ಜರ್ನಲ್ಲಿಗೆ ಕಳಿಸಿದ ಪೇಪರಿನಲ್ಲಿ ತಪ್ಪಿದೆ ಎಂದು ಇವರು ಹೇಳಿದ್ದನ್ನು ತಿಳಿಸಿದರೆ, ನೀವು ಜ್ವರದ ಬಡಬಡಿಕೆ ಎಂದಿರಿ. "ಹುಷಾರಾಗಿ ಅವನೇ ಹೇಳಲಿ, ಆಮೇಲೆ ವಾಪಸ್ ತರಿಸೋಣ" ಎಂದು ಬರೆದಿರಿ. ಇಲ್ಲ ಭಾವಾ! ಜ್ವರ ಬಿಟ್ಟಿದ್ದ ವಾರದಲ್ಲಿ, ಗಂಜಿ ಕುಡಿದು ಕೂತು, ಎಷ್ಟು ಚೆನ್ನಾಗಿ ವಿವರಿಸಿದರು ಗೊತ್ತೇ! ಒಂದು ಬಗೆಯ ಕಣ ಇನ್ನೊಂದು ಬಗೆಯದಾಗಿ ಬದಲಾಗುವ ಕೆಲವು ದಾರಿಗಳು ಪ್ರಕೃತಿಯಲ್ಲಿ ತೀರಾ ಅಪರೂಪವಂತೆ. ನಿಮ್ಮ ಲೆಕ್ಕದಲ್ಲೂ ಅವು ಮುಚ್ಚಿರಲೆಂದು, ಕಣ್ಣಿಗೆ ಕಾಣದ ಐದನೆಯ ಆಯಾಮದಲ್ಲಿ ಆ ಎರಡು ಬಗೆಗಳನ್ನು ದೂರ ದೂರ ಕೂರಿಸಿದಿರಂತೆ. "ನಮ್ಮ ಮದುವೆ ಊಟದ ಹಾಗೆ ಕಣೇ," ಎಂದು ನಕ್ಕರು. "ನಿಮ್ಮ ಕಡೆಯವರ ಪಂಕ್ತಿ ಆ ತುದಿ, ನಮ್ಮದು ಈ ತುದಿ, ಬೆರೆಯೋದೆಲ್ಲಿ? ಆದ್ರೆ ಮಧ್ಯೆ ಓಡಾಡೋ ಬಡಿಸೋನು ಇದಾನಲ್ಲ, ಅವನು ಎರಡೂ ಕಡೆ ಒಂದೇ ಸಮ ಬಡಿಸ್ತಾನೆ ಅಂತ ಬರ್ದುಬಿಟ್ವಿ. ದೂರ ಕೂರಿಸಿದ ಮೇಲೆ ಒಂದೇ ಸಮ ಹೇಗಾಗುತ್ತೆ?" ಬಡಿಸುವವನಂತೆ ನಡುವೆ ಓಡಾಡುವ ಆ ಭಾರವಾದ ಕಣಗಳು ಪಂಕ್ತಿಭೇದ ಮಾಡಿದರೆ, ನೀವು ಮುಚ್ಚಿದ ದಾರಿಯೇ ತೆರೆದುಕೊಳ್ಳುತ್ತದಂತೆ, ಅದೂ ಪ್ರಯೋಗಗಳು ಒಪ್ಪದಷ್ಟು. ಆಮೇಲೆ ನಗು ನಿಂತಿತು. "ಅಣ್ಣಂಗೆ ಹೇಳು. ತಪ್ಪು ನಮ್ಮ ಹೆಸರಲ್ಲಿ ಅಚ್ಚಾಗ್ಬಾರ್ದು." ಮದುವೆಯಾದ ಮೇಲೆ ಇವರು ನನ್ನಲ್ಲಿ ಬೇಡಿಕೊಂಡದ್ದು ಇದೊಂದನ್ನೇ.

ದೇವರು ನಿಮ್ಮೆಲ್ಲರನ್ನು ಚೆನ್ನಾಗಿಟ್ಟಿರಲಿ ಎಂದು ಅತ್ತೆ ಒಳಗಿನಿಂದಲೇ ಹರಸುತ್ತಿದ್ದಾರೆ. ಅಕ್ಕನಿಗೆ ನನ್ನ ನೆನಪು ಹೇಳಿ.

ನಿಮ್ಮ
ವರದಾ

ವಿ.ಸೂ.: ಈಗ ತಾನೇ, ಆ ವಾರ ಇವರೇ ಬರೆದ ಲೆಕ್ಕದ ಹಾಳೆಗಳನ್ನು ಇವರ ಕೈಗೆ ಕೊಟ್ಟು, ಅಣ್ಣನಿಗೆ ನೀವೇ ಒಂದು ಸಾಲು ಬರೆಯಿರಿ ಎಂದೆ. ತಿರುಗಿಸಿ ತಿರುಗಿಸಿ ನೋಡಿದರು. "ಯಾರ ಅಕ್ಷರ ಇದು?" ಎಂದರು. ಅವರೇ ಹೇಳಲಿ ಎಂದು ಇನ್ನು ಕಾಯಬೇಡಿ ಭಾವಾ. ಈ ಕಾಗದ ಸಿಕ್ಕ ದಿನವೇ ಜರ್ನಲ್ಲಿಗೆ ತಂತಿ ಕೊಟ್ಟು ನಿಲ್ಲಿಸಿ. ಕೂಡಲೇ ಹೊರಟು ಬನ್ನಿ.