ಕ್ಯಾಸೆಟ್ಟಿನಲ್ಲಿ ಮಾತ್ರ ಸುರಿದ ಮಳೆ

ಬಾಲಿಕ್ಚಿ, ಇಸ್ಸಿಕ್-ಕುಲ್ ಸರೋವರದ ದಂಡೆ
ಸೆಪ್ಟೆಂಬರ್ 16, 2019, ಸೋಮವಾರ ಮಧ್ಯಾಹ್ನ

ಪ್ರೀತಿಯ ಚಿಕ್ಕಹುಡುಗನಿಗೆ,

ಅರವತ್ತರ ಹತ್ತಿರ ಬಂದವನನ್ನು ಇನ್ನೂ ಹೀಗೆ ಕರೆಯುತ್ತಾಳಲ್ಲ ಎಂದು ನಗಬೇಡ. ನಾನು ಸೊಸೆಯಾಗಿ ಈ ಮನೆಯ ಹೊಸಿಲು ದಾಟಿದ ದಿನವೇ ಅತ್ತೆ ಹೇಳಿದ್ದರು, ಗಂಡನ ಹೆಸರೂ ಗಂಡನ ತಮ್ಮನ ಹೆಸರೂ ನಿನ್ನ ಬಾಯಲ್ಲಿ ಬರಕೂಡದು, ನಿನಗೆ ತೋಚಿದ ಹೆಸರು ಇಟ್ಟುಕೋ ಎಂದು. ಆಗ ನೀನು ಹದಿನೇಳರವನು, ಉದ್ದ ಕೈ ಉದ್ದ ಕಾಲು. ನಾನಿಟ್ಟ ಹೆಸರು ಹಾಗೇ ಉಳಿಯಿತು. ಲಕೋಟೆಯ ಮೇಲಿನ ನಿನ್ನ ನಿಜವಾದ ಹೆಸರನ್ನು ಗ್ರಂಥಾಲಯದ ತುರ್ದುಬೂಬು ಕೈಯಲ್ಲಿ ಬರೆಸುತ್ತೇನೆ. ಅಕ್ಷರ ದುಂಡಗಿದ್ದರೆ ಅವಳದು, ಡೊಂಕಾಗಿದ್ದರೆ ನನ್ನದು.

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಕ್ರೇನಿನ ಮೇಲೆ ದಿನವಿಡೀ ಕೂರುವವರಿಗೆ ಕುರಿಯುಣ್ಣೆಯ ಪಟ್ಟಿ ಕಟ್ಟಿಕೊಳ್ಳುವುದು ಒಳ್ಳೆಯದಂತೆ. ಉತ್ತರದ ನಿನ್ನ ಆ ಮುರ್ಮಾನ್ಸ್ಕಿನಲ್ಲಿ ಈಗಾಗಲೇ ಹಿಮ ಬಿದ್ದಿರಬಹುದು. ಇಲ್ಲಿ ಕಣಿವೆಯ ಗಾಳಿ ಶುರುವಾಗಿದೆ, ನಿನಗೆ ಗೊತ್ತಿರುವ ಅದೇ ಗಾಳಿ, ಒಗೆದ ಬಟ್ಟೆಯನ್ನು ಪಕ್ಕದ ಮನೆಯವರಿಗೆ ಕೊಟ್ಟುಬರುವ ಗಾಳಿ. ನನ್ನ ಮೊಣಕಾಲು ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಉಳಿದಂತೆ ಪರವಾಗಿಲ್ಲ. ಪ್ರತಿ ಗುರುವಾರ ಬೋರ್ಸೋಕ್ ಕರಿಯುತ್ತೇನೆ. ಹಿಟ್ಟಿನ ತುಂಡು ಎಣ್ಣೆಯಲ್ಲಿ ಉಬ್ಬುವಾಗ ಏಳುವ ಪರಿಮಳವೊಂದೇ ಹೋದವರಿಗೆ ತಲುಪುತ್ತದೆಯಂತೆ. ಅವರಿಗೆ ತಲುಪುತ್ತಿದೆಯೋ ಇಲ್ಲವೋ, ಕಿಟಕಿಯನ್ನಂತೂ ತೆರೆದೇ ಇಟ್ಟಿರುತ್ತೇನೆ. ಮುಂದಿನ ತಿಂಗಳಿಗೆ ನಿನ್ನ ಅಣ್ಣ ಹೋಗಿ ವರ್ಷ ತುಂಬುತ್ತದೆ.

ಇವತ್ತು ಬರೆಯಲು ಕೂತದ್ದು ಒಂದು ಸಿನಿಮಾದ ವಿಷಯಕ್ಕೆ. ಹೆಸರು ಹೇಳಿದರೆ ನೀನು ಕಾಗದ ಮಡಿಚಿಬಿಡುತ್ತೀಯೋ ಏನೋ, ಆದರೂ ಹೇಳುತ್ತೇನೆ: “ಹದಿನಾಲ್ಕನೇ ಹಡಗುಕಟ್ಟೆ”. ಹೌದು, ಅದೇ, ನೀನು ಇಂಗ್ಲಿಷಿನಿಂದ ನಮ್ಮ ಭಾಷೆಗೆ ಸಾಲು ಸಾಲಾಗಿ ಬರೆದುಕೊಟ್ಟದ್ದು, ನಿನ್ನ ಅಣ್ಣ ಓದಿ ದನಿ ಕೊಟ್ಟದ್ದು. ಅದರ ಹೊಸ ಡಿಸ್ಕ್ ಬಂದಿದೆ. ತುರ್ದುಬೂಬು ಗ್ರಂಥಾಲಯಕ್ಕೆ ತರಿಸಿದ್ದಾಳೆ. ಜೊತೆಗಿರುವ ಪುಸ್ತಿಕೆಯ ಪ್ರಕಾರ ಆ ಸಿನಿಮಾ ಹುಟ್ಟಿದ ದೇಶದಲ್ಲೇ ಒಂದು ವಾರ ಓಡಿ ಮರೆತುಹೋಗಿತ್ತಂತೆ, ಈಗ ಯಾರೋ ಪುಣ್ಯಾತ್ಮರು ಹಳೆಯ ರೀಲು ಹುಡುಕಿ ತೊಳೆದು ಒರೆಸಿದ್ದಾರಂತೆ. ತುರ್ದುಬೂಬು ಅದನ್ನು ಚೀಲದಲ್ಲಿ ಹಾಕಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟಳು. “ವರ್ಷದಿಂದ ಗೋಡೆ ನೋಡ್ತಾ ಕೂತಿದೀಯಲ್ಲೇ, ಇನ್ನು ಇದನ್ನ ನೋಡು. ಗೋಡೆಗಿಂತ ಸ್ವಲ್ಪ ವಾಸಿ,” ಎಂದಳು. ಅವಳ ಬಾಯಿ ನಿನಗೆ ಗೊತ್ತೇ ಇದೆ.

ನನ್ನ ಹತ್ತಿರ ಆ ಸಿನಿಮಾ ಎರಡು ರೂಪದಲ್ಲಿ ಇದ್ದೇ ಇತ್ತು. ಮೊದಲನೆಯದು ನಮ್ಮ ಅಡುಗೆಮನೆಯಲ್ಲಿ ತಯಾರಾದ ಕ್ಯಾಸೆಟ್ಟು. ಅದರಲ್ಲಿ ಚಿತ್ರವೆಲ್ಲ ಪಾಚಿಯ ಬಣ್ಣ, ಕೆಳಗೆ ಯಾವಾಗಲೂ ನಡುಗುವ ಬಿಳಿ ಗೆರೆ, ಎರಡೂ ಬದಿ ಕತ್ತರಿಸಿಹೋಗಿ ಮಾತಾಡುವವರ ಮೂಗಷ್ಟೇ ಕಾಣುವುದು. ಆದರೆ ಎಲ್ಲರ ಬಾಯಲ್ಲೂ ನಿನ್ನ ಅಣ್ಣನದೇ ದನಿ. ಕಳ್ಳಸಾಗಣೆಯ ಅಣ್ಣ, ಪೊಲೀಸರಿಗೆ ಸುಳಿವು ಕೊಡುವ ತಮ್ಮ, ಹೋಟೆಲಿನ ಹಾಡುಗಾರ್ತಿ, ಮುದುಕ, ಮಗು ಎಲ್ಲರಿಗೂ ಒಬ್ಬರೇ. ಹತ್ತು ವರ್ಷ ರೈಲು ನಿಲ್ದಾಣದಲ್ಲಿ ಪ್ರಕಟಣೆ ಹೇಳಿದ ದನಿಯಲ್ಲವೇ, ಪಿಸ್ತೂಲು ಹಿಡಿದವನೂ ಎರಡನೇ ಪ್ಲಾಟ್‌ಫಾರ್ಮಿಗೆ ಗಾಡಿ ಬರುತ್ತಿದೆ ಎನ್ನುವ ಹಾಗೆಯೇ ಬೆದರಿಸುತ್ತಿದ್ದ. ಎರಡನೆಯದು ನಾನೇ ಬಜಾರಿನಲ್ಲಿ ಕೊಂಡದ್ದು, ಒಂದೇ ಡಿಸ್ಕಿನಲ್ಲಿ ಆರು ಸಿನಿಮಾ. ಅದರಲ್ಲಿ ನಾಲ್ಕು ಜನ ಕಲಾವಿದರು ರಷ್ಯನ್ನಿನಲ್ಲಿ ಚೊಕ್ಕವಾಗಿ ಮಾತಾಡುತ್ತಾರೆ, ಆದರೆ ಸಮುದ್ರ ಬರುವ ಜಾಗಗಳನ್ನೆಲ್ಲ ಕತ್ತರಿಸಿ ಬಿಸಾಡಿದ್ದಾರೆ. ಸಮುದ್ರವಿಲ್ಲದೆ ಆ ಕಥೆಯಲ್ಲಿ ಏನಿದೆ ಎಂದು ಅರ್ಧಕ್ಕೇ ನಿಲ್ಲಿಸಿ ಕಪಾಟಿನಲ್ಲಿಟ್ಟಿದ್ದೆ. ಕೊನೆಯವರೆಗೂ ನೋಡಿರಲೇ ಇಲ್ಲ. ಅದು ನನ್ನ ತಪ್ಪು, ಮುಂದೆ ಹೇಳುತ್ತೇನೆ.

ಹೊಸದನ್ನು ಹಗಲಿನಲ್ಲೇ ಪರದೆ ಎಳೆದು ನೋಡಿದೆ. ಕನಸಿನಲ್ಲಿ ಪರಿಚಯದ ಬೀದಿ ಇದ್ದಕ್ಕಿದ್ದಂತೆ ಅಗಲವಾಗಿಬಿಡುತ್ತದಲ್ಲ, ಹಾಗಾಯಿತು. ಎರಡೂ ಬದಿ ತೆರೆದುಕೊಂಡಿವೆ. ಇಷ್ಟು ವರ್ಷ ಕಪ್ಪು ಎಂದುಕೊಂಡಿದ್ದ ತಮ್ಮನ ಕೋಟು ಗಾಢ ನೀಲಿ, ನಮ್ಮ ಸರೋವರ ಸಂಜೆಗೆ ಮುಂಚೆ ಆಗುತ್ತದಲ್ಲ ಆ ನೀಲಿ. ಕಟ್ಟೆಯ ಎಡತುದಿಯಲ್ಲಿ ಒಬ್ಬ ಮುದುಕ ಬೆನ್ನು ತಿರುಗಿಸಿ ಗಾಳ ಹಾಕಿ ಕೂತಿದ್ದಾನೆ. ಇಪ್ಪತ್ತಮೂರು ವರ್ಷ ಅವನು ಅಲ್ಲೇ ಕೂತಿದ್ದ, ನಾವು ನೋಡಿರಲಿಲ್ಲ. ಅವನ ಬೆನ್ನು ನೋಡುತ್ತ ನೋಡುತ್ತ ನನಗೆ ಅವರ ಬೆನ್ನು ನೆನಪಾಯಿತು, ಕೊನೆಯ ವರ್ಷಗಳಲ್ಲಿ ನಮ್ಮ ಹಾಳು ಬಂದರಿನಲ್ಲಿ ತುಕ್ಕುಹಿಡಿದ ಕ್ರೇನಿನ ಕೆಳಗೆ ಹೀಗೆಯೇ ಕೂರುತ್ತಿದ್ದರು. ಎದ್ದು ಹತ್ತಿರ ಹೋಗಿ ಪರದೆಯ ಗಾಜು ಮುಟ್ಟಿದೆ. ಇದನ್ನು ತುರ್ದುಬೂಬುಗೆ ಹೇಳಬೇಡ.

ಇನ್ನೊಂದು ಸಂಗತಿ. ಅಣ್ಣತಮ್ಮಂದಿರಿಬ್ಬರೂ ಗೋದಾಮಿನ ಬಾಗಿಲಲ್ಲಿ ಕಾಯುತ್ತ ನಿಲ್ಲುತ್ತಾರಲ್ಲ, ಅಲ್ಲಿ ಜೋರು ಮಳೆ ಎಂದೇ ನಾನು ನಂಬಿದ್ದೆ. ಹೊಸದರಲ್ಲಿ ನೋಡುತ್ತೇನೆ, ಆಕಾಶ ತಿಳಿಯಾಗಿದೆ, ನೆಲ ಒಣಗಿದೆ, ಎಲ್ಲೋ ಹಕ್ಕಿಗಳ ಕೂಗು. ಹಾಗಾದರೆ ನಾನು ಕೇಳುತ್ತಿದ್ದ ಮಳೆ ಯಾವುದು? ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು. ಅದು ನನ್ನ ಬಾಣಲೆ. ದನಿ ಹಿಡಿದ ದಿನವೂ ಗುರುವಾರ, ತೀರಿಹೋದ ಮಾವನ ಹೆಸರಿನಲ್ಲಿ ನಾನು ಬೋರ್ಸೋಕ್ ಕರಿಯುತ್ತಿದ್ದೆ. ನಿನ್ನ ಅಣ್ಣ ಮರದ ಸೌಟಿಗೆ ಮೈಕು ಕಟ್ಟಿಕೊಂಡು, ಗಾಳಿಯ ಸದ್ದು ಬಾರದಿರಲೆಂದು ತಲೆಯ ಮೇಲೆ ಕೌದಿ ಹೊದ್ದು ಮೂಲೆಯಲ್ಲಿ ಕೂತು ಓದುತ್ತಿದ್ದರು. ನನ್ನ ಎಣ್ಣೆಯ ಸದ್ದು ಹೋಗಿ ಆ ಬಂದರಿನಲ್ಲಿ ಮಳೆಯಾಗಿ ಸುರಿಯಿತು. ಹೊಸ ಡಿಸ್ಕಿನಲ್ಲಿ ಎಲ್ಲವೂ ಇದೆ, ಅದೊಂದಿಲ್ಲ, ಅವರ ದನಿಯಿಲ್ಲ. ನಟರು ತಮ್ಮ ತಮ್ಮ ಬಾಯಿಂದಲೇ ಮಾತಾಡುತ್ತಾರೆ, ಕೆಳಗೆ ರಷ್ಯನ್ನಿನಲ್ಲಿ ಅಕ್ಷರ ಓಡುತ್ತದೆ. ಒಳ್ಳೆಯ ಮನೆಗೆ ಹೋಗಿ, ಪರಿಚಯದವರು ಯಾರೂ ಕಾಣದೆ, ಚಪ್ಪಲಿ ಬಿಟ್ಟ ಜಾಗದಲ್ಲೇ ನಿಂತ ಹಾಗಾಯಿತು ನನಗೆ.

ಈಗ ಕೊನೆಯ ದೃಶ್ಯಕ್ಕೆ ಬರುತ್ತೇನೆ. ತಮ್ಮ ಕೊಟ್ಟ ಸುಳಿವಿನಿಂದ ಪೊಲೀಸರು ಬಂದಿದ್ದಾರೆ, ಅಣ್ಣನ ಕೈಗೆ ಕೋಳ ಹಾಕಿದ್ದಾರೆ. ಕಾರು ಹತ್ತುವ ಮುಂಚೆ ಅಣ್ಣ ತಿರುಗಿ ತಮ್ಮನನ್ನು ನೋಡಿ ಒಂದೇ ಒಂದು ಮಾತು ಹೇಳುತ್ತಾನೆ. ಕೆಳಗೆ ಬಂದ ಅಕ್ಷರ ಓದಿದೆ: “ಇವತ್ತಿನಿಂದ ನನಗೆ ತಮ್ಮ ಇಲ್ಲ.” ಮತ್ತೆ ಹಿಂದಕ್ಕೆ ಓಡಿಸಿ ಓದಿದೆ, ಅದೇ. ಕಪಾಟಿನಿಂದ ಬಜಾರಿನ ಡಿಸ್ಕ್ ತೆಗೆದು ಮೊದಲ ಸಲ ಕೊನೆಯವರೆಗೂ ನೋಡಿದೆ. ಆ ಚೊಕ್ಕ ದನಿಯವನೂ ಅದನ್ನೇ ಹೇಳಿದ. ಆಗ ಹೋದ ಅಕ್ಟೋಬರಿನಲ್ಲಿ ಫೋನಿನಲ್ಲಿ ನೀನು ಆಡಿದ ಮಾತು ನನ್ನ ತಲೆಗೆ ಹತ್ತಿತು. ಅವರು ಹೋದ ಸುದ್ದಿ ತಿಳಿಸಿದಾಗ ನೀನು ಹೇಳಿದೆ: “ಹೇಳ್ಬೇಕಾದ್ದನ್ನ ಅಣ್ಣ ಆ ಕ್ಯಾಸೆಟ್ಟಿನಲ್ಲೇ ಹೇಳಿ ಮುಗಿಸಿದಾನೆ ಜೆಂಗೆ. ಇನ್ನು ನಾನು ಬಂದು ಬಾಗಿಲಲ್ಲಿ ನಿಂತು ಯಾರ ತಮ್ಮ ಅಂತ ಅಳಲಿ?” ದುಃಖದಲ್ಲಿ ಏನೋ ಅಂದ ಎಂದು ಬಿಟ್ಟಿದ್ದೆ. ಅಣ್ಣನ ಹೆಂಡತಿಯನ್ನು ಜೆಂಗೆ ಎಂದು ಕರೆಯಲು ನನಗೆ ಇರುವವನು ನೀನೊಬ್ಬನೇ, ಆ ಒಂದು ಶಬ್ದವನ್ನು ಹಿಡಿದುಕೊಂಡು ಉಳಿದದ್ದನ್ನು ಜಾರಲು ಬಿಟ್ಟೆ. ಮಣ್ಣಿನ ದಿನ ನಮ್ಮ ಪದ್ಧತಿಯಂತೆ ಬಾಗಿಲ ಬಳಿ ಕೋಲೂರಿ ನಿಂತು ಅಳಲು ಅವರ ರಕ್ತದವರು ಯಾರೂ ಇರಲಿಲ್ಲ. ನಿನಗೆಂದು ಇಟ್ಟ ಕೋಲು ಗೋಡೆಗೆ ಒರಗಿಕೊಂಡೇ ಇತ್ತು.

ಚಿಕ್ಕಹುಡುಗ, ನೀನು ಆ ಕ್ಯಾಸೆಟ್ಟನ್ನು ಒಮ್ಮೆಯೂ ಕೇಳಿಲ್ಲ, ಅಲ್ಲವೇ? ಬರೆದ ಹಾಳೆಗಳನ್ನು ತಂದುಕೊಟ್ಟ ಬೆಳಿಗ್ಗೆಯೇ ನೀನು ಊರು ಬಿಟ್ಟೆ. ನೀನು ಬರೆದದ್ದನ್ನೇ ಅವರು ಓದಿದ್ದಾರೆ, ಇಲ್ಲಿಂದ ಸರೋವರದ ಆಚೆ ತುದಿಯ ಕರಕೋಲದವರೆಗೆ ಮನೆಮನೆಯಲ್ಲೂ ಅಣ್ಣ ತನ್ನ ಬಾಯಿಂದಲೇ ನಿನ್ನನ್ನು ತಮ್ಮನಲ್ಲ ಎಂದಿದ್ದಾನೆ ಎಂದುಕೊಂಡು ಅಷ್ಟು ವರ್ಷ ಆ ಚಳಿಯಲ್ಲಿ ಕೂತೆ. ಕೇಳು. ಅವರು ಅದನ್ನು ಓದಲಿಲ್ಲ. ನಿನ್ನ ಹಾಳೆ ಇನ್ನೂ ನನ್ನ ಹತ್ತಿರ ಇದೆ, ಮೊನ್ನೆ ಮೊದಲ ಸಲ ಬಿಡಿಸಿ ಓದಿದೆ, ಆ ಸಾಲಿನ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದಿದ್ದಾರೆ. ಕ್ಯಾಸೆಟ್ಟಿನಲ್ಲಿ ಅಣ್ಣ ಕಾರಿನ ಬಾಗಿಲಲ್ಲಿ ತಿರುಗಿ ನಿಂತು ಹೇಳುವುದು ಹೀಗೆ: “ಕೋಟು ಹಾಕ್ಕೋ, ಗಾಳಿ ಇದೆ.” ಕೋಟು ಹಾಕ್ಕೋ ಎಂಬುದಕ್ಕೂ ಗಾಳಿ ಇದೆ ಎಂಬುದಕ್ಕೂ ನಡುವೆ ಒಂದು ಹೆಸರಿದೆ. ಸಿನಿಮಾದ ತಮ್ಮನ ಹೆಸರಲ್ಲ, ನಿನ್ನದು. ನಾನು ಬರೆಯಬಾರದ್ದು. ವಿಡಿಯೋ ಹಾಲಿನಲ್ಲಿ ಮೊದಲ ಸಲ ತೋರಿಸಿದಾಗ ಜನ ಬಿದ್ದು ಬಿದ್ದು ನಕ್ಕರು, ಅಣ್ಣತಮ್ಮಂದಿರ ತಮಾಷೆ ಎಂದುಕೊಂಡರು. ನಾನೂ ಹಾಗೆಯೇ ಅಂದುಕೊಂಡೆ. ಅಲ್ಲಿ ನಿಜಕ್ಕೂ ಯಾವ ಮಾತಿತ್ತು ಎಂದು ನಿಮ್ಮಿಬ್ಬರಿಗೆ ಬಿಟ್ಟರೆ ಈ ಊರಿನಲ್ಲಿ ಯಾರಿಗೆ ಗೊತ್ತಿತ್ತು?

ಹಳೆಯ ದೋಣಿಯ ಹಿತ್ತಾಳೆ ಚಕ್ರದ ವಿಷಯಕ್ಕೂ ಬಂದುಬಿಡುತ್ತೇನೆ, ಅದನ್ನು ಮುಟ್ಟದೆ ಈ ಕಾಗದ ಮುಗಿಯುವುದಿಲ್ಲ. ಆ ಸಿನಿಮಾಕ್ಕೂ ಮುಂಚೆ, ಬಂದರು ಮುಚ್ಚಿ ಊರೆಲ್ಲ ಹಡಗು ಕೊಯ್ದು ಲೋಹ ಮಾರುತ್ತಿದ್ದ ಕಾಲ. ನಿನ್ನ ಅಣ್ಣನೂ ಮಾರಲೆಂದು ಆ ಚಕ್ರ ಬಿಚ್ಚಿದರು. ಠಾಣೆಯಲ್ಲಿ ಪೊಲೀಸರು ನಿನ್ನನ್ನು ಕೇಳಿದರು, ಕಂಡದ್ದನ್ನು ನೀನು ಹೇಳಿದೆ. ಅಣ್ಣ ಎಂಟು ತಿಂಗಳು ಜೈಲಿನಲ್ಲಿದ್ದರು. ಹೊರಬಂದ ದಿನ ಮುಖ ತೊಳೆದು ನನ್ನನ್ನು ಕೇಳಿದ ಮೊದಲ ಮಾತು, “ಚಿಕ್ಕವನು ಸರಿಯಾಗಿ ಊಟ ಮಾಡ್ತಿದಾನಾ?” ನನಗೆ ಮೈ ಉರಿದಿತ್ತು. ನಾನು ನಿನ್ನ ಅಣ್ಣನಷ್ಟು ಒಳ್ಳೆಯವಳಲ್ಲ.

ಕ್ಯಾಸೆಟ್ಟು ತುಂಬ ಸವೆದಿದೆ. ಹೋದ ವಾರ ಕೊನೆಯ ದೃಶ್ಯ ಹಾಕಿದಾಗ ಯಂತ್ರ ಅದನ್ನು ಜಗಿಯತೊಡಗಿತು, ಬೆರಳು ತೂರಿಸಿ ಮೆಲ್ಲಗೆ ಸುತ್ತಿ ಬಿಡಿಸಿಕೊಂಡೆ. ಬಿಷ್ಕೆಕ್ಕಿಗೆ ಕಳಿಸಿ ಡಿಸ್ಕಿಗೆ ಹಾಕಿಸೋಣ ಎನ್ನುತ್ತಾಳೆ ತುರ್ದುಬೂಬು. ದಾರಿಯಲ್ಲಿ ಕಳೆದುಹೋದರೆ ಏನು ಮಾಡುವುದೆಂದರೆ, “ನಿನ್ನ ಕೈಯಲ್ಲಿದ್ರೂ ಅದು ಸಾಯತ್ತೆ, ಸ್ವಲ್ಪ ತಡವಾಗಿ ಅಷ್ಟೆ,” ಎಂದಳು. ಒರಟು ಮಾತಾದರೂ ನಿಜ. ಇನ್ನೊಂದು ಸಲ ಓಡೀತು, ಹೆಚ್ಚೆಂದರೆ ಎರಡು. ಆದ್ದರಿಂದ ನಿಲ್ಲಿಸಿಬಿಟ್ಟಿದ್ದೇನೆ. ದನಿ ಕೇಳಬೇಕೆನಿಸಿದಾಗ ಹೊಸ ಡಿಸ್ಕ್ ಹಾಕಿ, ಶಬ್ದ ಆರಿಸಿ, ನೀಲಿ ಕೋಟಿನವನನ್ನೂ ಗಾಳದ ಮುದುಕನನ್ನೂ ನೋಡುತ್ತ ಕೂರುತ್ತೇನೆ. ಮಾತುಗಳೆಲ್ಲ ನನಗೆ ಬಾಯಿಪಾಠ. ಗುರುವಾರವಾದರೆ ಬಾಣಲೆ ಒಲೆಯ ಮೇಲಿರುತ್ತದೆ, ಆಗ ಆ ಒಣ ಬಂದರಿನಲ್ಲಿ ಮತ್ತೆ ಮಳೆ ಬರುತ್ತದೆ. ಉಳಿದ ಆ ಒಂದು ಸಲವನ್ನು ನಿನಗಾಗಿ ಎತ್ತಿಟ್ಟಿದ್ದೇನೆ. ಅಂಚೆಯಲ್ಲಿ ಕಳಿಸುವುದಿಲ್ಲ.

ಕ್ರೇನಿನ ಮೇಲೆ ಜೋಪಾನ. ನಿನ್ನ ದಾರಿ ನುಣುಪಾಗಿರಲಿ, ನಿನ್ನ ಒಲೆ ಆರದಿರಲಿ. ತುರ್ದುಬೂಬು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ, ನೀನು ಎಂಬತ್ತೊಂಬತ್ತರಲ್ಲಿ ಒಯ್ದ ನಿಘಂಟನ್ನೂ ಕೇಳಿದ್ದಾಳೆ.

ನಿನ್ನ ಜೆಂಗೆ,
ಸೈರಾ

ಮರೆತದ್ದು: ಮರೆತದ್ದಲ್ಲ, ಕೈ ಬಂದಿರಲಿಲ್ಲ. ತುರ್ದುಬೂಬು ಕೋಟು ತೊಟ್ಟು ಬಾಗಿಲಲ್ಲಿ ನಿಂತಿದ್ದಾಳೆ, ಅಂಚೆಗೆ ಹೊತ್ತಾಯಿತು ಎನ್ನುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಆ ಗುರುವಾರ ಬೆಳಿಗ್ಗೆ ನೀನು ಹಾಳೆ ತಂದಾಗ ಅವರು ಮೈಕಿಗೆ ತಂತಿ ತರಲು ಹೋಗಿದ್ದರು. ನಾನು ನಿನಗೆ ಚಹಾ ಕೊಟ್ಟೆ. ಬಟ್ಟಲು ಅಂಚಿನವರೆಗೆ ತುಂಬಿಸಿ ಕೊಟ್ಟೆ. ಬೇಕಾದವರಿಗೆ ಅರ್ಧ ಹಾಕಿ ಮತ್ತೆ ಮತ್ತೆ ಸುರಿಯುವವರು ನಾವು. ತುಂಬಿದ ಬಟ್ಟಲೆಂದರೆ ಕುಡಿದು ಎದ್ದು ಹೋಗು ಎಂದೇ ಅರ್ಥ. ನೀನು ಅದನ್ನು ನೋಡಿದೆ, ನನ್ನನ್ನು ನೋಡಿದೆ, ಒಂದು ಹನಿ ಚೆಲ್ಲದೆ ಕುಡಿದು ಹೋದೆ. ರೈಲಿಗೆ ಹೊತ್ತಾಯಿತಂತೆ ಎಂದು ನಾನು ಅವರಿಗೆ ಸುಳ್ಳು ಹೇಳಿದೆ. “ರೈಲು ಮೂರಕ್ಕಲ್ವಾ?” ಎಂದಷ್ಟೇ ಕೇಳಿ ನಿಲ್ದಾಣಕ್ಕೆ ಹೋಗಿ ಕಾದರು, ನೀನು ಯಾವುದೋ ಲಾರಿ ಹತ್ತಿಯಾಗಿತ್ತು. ವಾಪಸು ಬಂದು ಕೌದಿ ಹೊದ್ದು ಓದಿದರು. ನಿನ್ನನ್ನು ಕಳಿಸಿದವಳು ನಾನು, ಅವರಲ್ಲ. ಅವರಿಗೆ ಇದನ್ನು ಕೊನೆಯವರೆಗೂ ಹೇಳಲಾಗಲಿಲ್ಲ, ನಿನಗೆ ಹೇಳುತ್ತಿದ್ದೇನೆ. ವರ್ಷದ ಊಟ ಅಕ್ಟೋಬರ್ ಹನ್ನೆರಡು, ಶನಿವಾರ. ಕೋಲು ಗೋಡೆಗೆ ಒರಗಿಯೇ ಇದೆ. ಅರ್ಧ ಬಟ್ಟಲು ಚಹಾ ಹಾಕುತ್ತೇನೆ, ನೀನು ಸಾಕೆನ್ನುವವರೆಗೂ ಅರ್ಧರ್ಧವೇ ಹಾಕುತ್ತಿರುತ್ತೇನೆ. ಅತ್ತೆ ಇದ್ದಿದ್ದರೆ ಮುಂದಿನ ಮಾತಿಗೆ ಬೈಯುತ್ತಿದ್ದರು, ಬೈಯಲಿ. ಕೋಟು ಹಾಕಿಕೊಂಡು ಬಾ, ಮೆಲಿಸ್. ಗಾಳಿ ಇದೆ.