ಮೀನಿನ ಆಟದ ರಟ್ಟಿನ ಡಬ್ಬ

ಯಲ್ಲಾಪುರ
ಭಾನುವಾರ, 16 ನವೆಂಬರ್ 2025

ಪ್ರೀತಿಯ ಫರಾಜ್ ಭಾಯಿಗೆ, ನಿನ್ನ ತಂಗಿ ಹುಮಾಳ ಸಲಾಂ.

ಹೇಗಿದ್ದೀಯ? ದಮ್ಮಾಮ್‌ನಲ್ಲಿ ಸೆಕೆ ಇಳಿಯಿತೇ? ಹೋದ ತಿಂಗಳು ಬೆನ್ನು ನೋವು ಅಂದಿದ್ದೆ. ಭಾರ ಎತ್ತುವಾಗ ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳುತ್ತೀಯೋ ಇಲ್ಲವೋ ಕೇಳು ಅಂತ ಅಮ್ಮಿ ಹೇಳಿದ್ದಾಳೆ. ಇಲ್ಲಿ ಅಮ್ಮಿ ಆರಾಮ. ಅಬ್ಬಾ ಕೋಲು ಹಿಡಿದು ಬಚ್ಚಲ ತನಕ ನಡೆಯುತ್ತಾರೆ. ಲಕ್ವ ಹೊಡೆದ ಬಲಗೈ ಇನ್ನೂ ಎದ್ದಿಲ್ಲ, ಇನ್ನು ಏಳುವುದೂ ಕಷ್ಟ ಅಂತ ಡಾಕ್ಟರು ಹೇಳಿದರು. ಮಾತು ಬರುತ್ತದೆ, ಆದರೆ ಅದು ಹೊರಬರುವಷ್ಟರಲ್ಲಿ ಅವರಿಗೇ ಬೇಸರ ಬಂದು ಅರ್ಧಕ್ಕೆ ಬಿಡುತ್ತಾರೆ. ನಾನು ಶಿರಸಿಯಿಂದ ನಿನ್ನೆ ಬಂದೆ. ನಾನೂ ಓಕೆ. ಐದನೇ ಕ್ಲಾಸಿನಿಂದ ಹಾಸ್ಟೆಲ್‌ನಲ್ಲೇ ಬೆಳೆದವಳಿಗೆ ಕಾಲೇಜು ಹಾಸ್ಟೆಲ್ ಏನು ಕಷ್ಟ ಅಂತ ಎಲ್ಲರೂ ಕೇಳುತ್ತಾರೆ. ಕಷ್ಟ ಏನಿಲ್ಲ. ಅಟೆಂಡೆನ್ಸ್ ಕರೆಯುವಾಗ ನನ್ನ ನಂಬರು ಬರುವ ಮೊದಲೇ ಎದೆ ಹೊಡೆದುಕೊಳ್ಳುತ್ತದೆ, ಅಷ್ಟೇ.

ಈ ಕಾಲದಲ್ಲಿ ಕಾಗದವೇ ಅಂತ ನಗಬೇಡ. ವಾಟ್ಸಾಪಿನಲ್ಲಿ ಅಬ್ಬಾನ ಹೆಸರು ಬಂದ ಕೂಡಲೇ ನಿನ್ನ ಕಡೆಯಿಂದ ಎರಡು ನೀಲಿ ಗೆರೆ ಬಿಟ್ಟು ಬೇರೇನೂ ಬರುವುದಿಲ್ಲ. ತಿಂಗಳು ತಿಂಗಳು ಅವರ ಔಷಧಿಗೆ ಕಳಿಸುತ್ತೀಯ. ಅವರ ಜೊತೆ ಮಾತಾಡದೆ ಮಾತ್ರ ಎರಡು ವರ್ಷವಾಯಿತು. ಚಾಚಾನ ಮಗ ಮಾಜ್ ಇವತ್ತು ಸಂಜೆಯ ಬಸ್ಸಿಗೆ ಮುಂಬೈಗೆ ಹೋಗಿ, ಅಲ್ಲಿಂದ ನಿನ್ನೂರಿಗೇ ಬರುತ್ತಿದ್ದಾನೆ. ನೀನು ಓದಿ ಮುಗಿಸುವ ತನಕ ಎದುರಿಗೆ ಕೂತಿರು ಅಂತ ಅವನಿಗೆ ಹೇಳಿದ್ದೇನೆ.

ನಿನ್ನ ಮೀನಿನ ಆಟದ, ಆ ಹಳೇ ವಿಡಿಯೋ ಗೇಮಿನ, ವಿಷಯ ಹೇಳಬೇಕು. ‘ಹಳೇ ಗೇಮುಗಳಿಗೆ ಈಗ ರೇಟು ಬಂದಿದೆಯಂತೆ, ಅದನ್ನು ಮಾರಿ ಲ್ಯಾಪ್‌ಟಾಪ್ ತಗೋ, ನನಗೆ ಅದು ಬೇಡ’ ಅಂತ ನೀನೇ ಮೆಸೇಜ್ ಮಾಡಿದ್ದೆ. ಅಬ್ಬಾ ಜೀವಮಾನದಲ್ಲಿ ಒಂದೇ ಸಲ ಮುಂಬೈಗೆ ಹೋದಾಗ ತಂದದ್ದು ಅದು. ನಿನಗೆ ಹತ್ತು ವರ್ಷ. ನೀನು ಕೇಳಿದ್ದು ಹೊಡೆದಾಟದ ಆಟ. ಅಂಗಡಿಯವನು ಮಾರಾಟವಾಗದೆ ಉಳಿದ ಮೀನು ಹಿಡಿಯುವ ಆಟವನ್ನು ಅವರ ಕೈಗೆ ದಾಟಿಸಿದ. ನಾನು ಆಗ ಕೂಸು, ಇದೆಲ್ಲ ಅಮ್ಮಿ ಹೇಳಿದ್ದು. ಮನೆಗೆ ತಂದವರು ನಿನ್ನ ಕೈಗೆ ಕೊಡುವ ಮೊದಲು ಜೇಬಿನ ದಪ್ಪ ಮಾರ್ಕರ್ ತೆಗೆದು, ತಾವು ಕೆಲಸಕ್ಕಿದ್ದ ಟ್ರಾನ್ಸ್‌ಪೋರ್ಟಿನ ಪಾರ್ಸೆಲ್ಲಿನ ಮೇಲೆ ಬರೆಯುವ ಹಾಗೆಯೇ ಡಬ್ಬದ ಮೇಲೆ ‘ಫರಾಜ್, ಯಲ್ಲಾಪುರ, 1/1’ ಅಂತ ಬರೆದರಂತೆ. ಒಂದರಲ್ಲಿ ಒಂದು, ಬೇರೆ ಗಂಟು ಇಲ್ಲ ಎಂದು. ‘ಮೀನು ಸಿಗೋ ತನಕ ಕಾಯೋದು ಯಾವ ಆಟ’ ಅಂತ ನೀನು ನಾಲ್ಕೇ ದಿನಕ್ಕೆ ಬಿಟ್ಟೆ. ಅಮ್ಮಿಗೆ ಖಾಲಿ ಡಬ್ಬವನ್ನೂ ಎಸೆದು ಗೊತ್ತಿಲ್ಲ. ಆಟ, ಪುಸ್ತಕ ಸಮೇತ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಂಬಳಿಗಳ ನಡುವೆ ಇಟ್ಟಳು.

ನನ್ನ ರೂಮಿನ ದಿವ್ಯಾ, ಹುಲಗೋಳದವಳು, ‘ಎಂತಕ್ಕೆ ಮಾರಾಯ್ತಿ, ಆಡಿ ಬಿಟ್ಟ ಆಟಕ್ಕೆ ಯಾರು ದುಡ್ಡು ಕೊಡ್ತ?’ ಅಂತ ನಗುತ್ತಲೇ ಇನ್‌ಸ್ಟಾದಲ್ಲಿ ಹುಬ್ಬಳ್ಳಿಯ ಸಂಜಯ ಎಂಬವರನ್ನು ಹುಡುಕಿಕೊಟ್ಟಳು. ಹಳೆಯ ಆಟ ಕೊಂಡು ಮಾರುವುದೇ ಅವರ ಕೆಲಸ. ನಾನೂ ಅದನ್ನೇ ಕೇಳಿದೆ. ‘ಎಲ್ಲಾರೂ ಆಡಿದ್ದಕ್ಕ ಬೆಲಿ ಇಲ್ರಿ, ಯಾರಿಗೂ ಬ್ಯಾಡಾದದ್ದಕ್ಕ ಈಗ ಬೆಲಿ’ ಅಂದರು. ನಮ್ಮ ಕಡೆ ಆಗ ಬಂದದ್ದೆಲ್ಲ ನಕಲಿ ಮಾಲು, ಒರಿಜಿನಲ್ ಕೊಂಡವರು ಬೆರಳೆಣಿಕೆ. ಈ ಮೀನಿನ ಆಟ ಎಲ್ಲೂ ಓಡಲಿಲ್ಲವಾದ್ದರಿಂದ ಕಂಪನಿ ಮತ್ತೆ ಮಾಡಲೇ ಇಲ್ಲ. ಅಷ್ಟರಲ್ಲಿ ಗೇಮ್ ಆಡುವ ಹೊಸ ಯಂತ್ರವೂ ಬಂತು. ಇದ್ದವರ ಮನೆಯಲ್ಲೂ ಮಕ್ಕಳು ಮೊದಲ ದಿನವೇ ಡಬ್ಬ ಹರಿದರು, ಒಳಗಿನ ಪುಸ್ತಕ ರದ್ದಿಗೆ ಹೋಯಿತು. ಈಗ ಆ ಮಕ್ಕಳಿಗೆ ಮೂವತ್ತಾಗಿದೆ, ಸಂಬಳ ಬರುತ್ತದೆ, ಕಳೆದದ್ದನ್ನು ಹುಡುಕುತ್ತಾರೆ. ಆಟವನ್ನು ಫೋನಿನಲ್ಲೂ ಆಡಬಹುದಂತೆ. ದುಡ್ಡು ಕೊಡುವುದು ಡಬ್ಬಕ್ಕೆ. ವಿಡಿಯೋ ಕಾಲಿನಲ್ಲಿ ನಾನು ಹಾಸ್ಟೆಲ್‌ಗೆ ತಂದಿಟ್ಟುಕೊಂಡಿದ್ದ ನಮ್ಮ ಡಬ್ಬವನ್ನು ನಾಲ್ಕೂ ಕಡೆ ತಿರುಗಿಸಲು ಹೇಳಿ ನೋಡಿದರು. ಬರಹ ಇಲ್ಲದಿದ್ದರೆ ನಲವತ್ತು ಸಾವಿರ, ಬರಹ ಇರುವುದರಿಂದ ಎಂಟು ಅಂದರು.

ಭಾಯಿ, ಇಲ್ಲಿಂದ ಮುಂದಿನದ್ದು ನನ್ನ ತಪ್ಪು. ಹಾಸ್ಟೆಲ್‌ನಲ್ಲಿ ನಮಗೆ ಸಿಗುವುದು ಸೀನಿಯರುಗಳ ಹಳೇ ಟ್ರಂಕು. ಬಟ್ಟೆಗೆ ಪೇಂಟ್ ಕರಗಿಸುವ ಥಿನ್ನರ್ ಹಾಕಿ ಅವರ ನಂಬರು ಒರೆಸಿ ನಮ್ಮ ನಂಬರು ಬರೆದುಕೊಳ್ಳುತ್ತೇವೆ. ಇಷ್ಟು ವರ್ಷ ಅದನ್ನೇ ಮಾಡಿದ ಕೈ ನನ್ನದು. ನಲವತ್ತು ಸಾವಿರದ ಆಸೆಗೆ ಡಬ್ಬಕ್ಕೂ ಅದನ್ನೇ ಮಾಡಿದೆ, ಕಬ್ಬಿಣ ಬೇರೆ ರಟ್ಟು ಬೇರೆ ಎಂಬುದು ಹೊಳೆಯಲೇ ಇಲ್ಲ. ಮೊದಲು ನಿನ್ನ ಹೆಸರು ಹೋಯಿತು, ಅದರ ಜೊತೆ ಚಿತ್ರದ ಮೀನಿನ ಬಾಲವೂ ಹೋಯಿತು. ನಿಲ್ಲಿಸಬೇಕಿತ್ತು. ಪೂರ್ತಿ ಒರೆಸಿದರೆ ಸರಿಯಾಗಬಹುದು ಅಂದುಕೊಂಡು ಊರಿನ ಹೆಸರನ್ನೂ ಒರೆಸಿದೆ. ಕೊನೆಗೆ ಬಿಳಿ ಕಲೆಯೊಂದು ಉಳಿಯಿತು, ಅದರ ಪಕ್ಕದಲ್ಲಿ 1/1. ಫೋಟೋ ಕಳಿಸಿದೆ. ‘ಅಯ್ಯ ತಂಗಿ, ಬರ್ದದ್ದನ್ನ ತಗೊಳ್ಳಾವ್ರು ಇದ್ರು. ಅಳಿಸಿದ್ದನ್ನ ಯಾರೂ ತಗೊಳ್ಳೂದಿಲ್ಲ’ ಅಂತ ಸಂಜಯ ಹೇಳಿದರು. ಆಯ್ತು ಸರ್, ಥ್ಯಾಂಕ್ಯೂ ಸರ್ ಅಂದೆ. ಮೆಸ್ಸಿಗೆ ಹೋಗಿ ಅನ್ನ ಸಾರು ಉಂಡೆ. ಏನೂ ಅನ್ನಿಸಲಿಲ್ಲ. ಮರುದಿನ ಲ್ಯಾಬ್ ರೆಕಾರ್ಡ್ ಬರೆಯುತ್ತಿದ್ದಾಗ ನನ್ನ ಕೈಯನ್ನೇ ನೋಡಿ ಹೊಳೆಯಿತು, ಅಬ್ಬಾ ಇನ್ನು ಆ ಅಕ್ಷರ ಬರೆಯಲಾರರು ಅಂತ. ಅವರ ಕೈಬರಹ ಮನೆಯಲ್ಲಿ ಬೇರೆಲ್ಲಿದೆ ಅಂತ ಲೆಕ್ಕ ಹಾಕಿದೆ. ಎಲ್ಲೂ ಇಲ್ಲ. ಮೂವತ್ತು ವರ್ಷ ಬರೆದದ್ದೆಲ್ಲ ಮಾಲಿನ ಬೆನ್ನ ಮೇಲೆ ಕೂತು ಊರೂರಿಗೆ ಹೋಗಿಬಿಟ್ಟಿದೆ. ಉಳಿದದ್ದು ಇದೊಂದೇ ಇತ್ತು. ಆಗಲೂ ಅಳು ಬರಲಿಲ್ಲ. ರೆಕಾರ್ಡ್ ಮುಗಿಸಿ ಸಹಿಗೆ ಇಟ್ಟೆ.

ನಿನ್ನೆ ಅದನ್ನು ಕಂಬಳಿಗಳ ನಡುವೆ ಮೊದಲಿನಂತೆ ಇಡುತ್ತಿದ್ದೆ. ಅಬ್ಬಾ ಮಂಚದ ಮೇಲೆ ಎಚ್ಚರವಾಗಿಯೇ ಇದ್ದರು. ಎಡಗೈ ಚಾಚಿದರು. ಕೊಟ್ಟೆ. ಬಿಳಿ ಕಲೆಯ ಮೇಲೆ ಹೆಬ್ಬೆರಳು ಇಟ್ಟು ನನ್ನ ಮುಖ ನೋಡಿದರು. ಎಲ್ಲ ಹೇಳಿದೆ. ಥಿನ್ನರು, ಹುಬ್ಬಳ್ಳಿಯವರು, ‘ನನಗೆ ಅದು ಬೇಡ’ ಅಂತ ನೀನು ಬರೆದದ್ದು, ಅದನ್ನೂ. ಹೇಳಬಾರದಿತ್ತೇನೋ. ನನಗೆ ಹಾಗೆ, ಒಂದು ಹೇಳಲು ಶುರುವಾದರೆ ಹೆದರಿಕೆಗೆ ಎಲ್ಲ ಹೊರಗೆ ಬರುತ್ತದೆ. ಅವರು ಬೈಯಲಿಲ್ಲ. ನೀನು ಹೋದ ದಿನ ಇದೇ ಕೋಣೆಯಲ್ಲಿ ‘ನಿಮ್ಮ ಗೋಡೌನಿನಲ್ಲಿ ಬಿದ್ದಿರೋ ಮಾಲು ನಾನಲ್ಲ’ ಅಂದಿದ್ದೆ. ಅವರು ‘ಹೋದ ಮಾಲು ತಿರುಗಿ ಬಂದ್ರೆ ನಾನು ಇಳಿಸ್ಕೊಳ್ಳೋದಿಲ್ಲ’ ಅಂದಿದ್ದರು. ಆಮೇಲೆ ನೀವಿಬ್ಬರೂ ಆ ಮಾತನ್ನು ದಾಟಲೇ ಇಲ್ಲ.

ರಜೆಯಲ್ಲಿ ನಾನು ಅವರ ಗೋಡೌನಿಗೆ ಹೋಗುತ್ತಿದ್ದದ್ದು ನೆನಪಾಯಿತು. ಡೋರ್ ಡೆಲಿವರಿ ಅಂದರೆ ಹಮಾಲರು ಮನೆಗೆ ಮುಟ್ಟಿಸುತ್ತಾರೆ, ಗೋಡೌನ್ ಡೆಲಿವರಿ ಅಂದರೆ ಪಾರ್ಟಿಯೇ ಬಿಲ್ಟಿ, ಅಂದರೆ ಮಾಲಿನ ರಸೀದಿ, ಹಿಡಿದು ಖುದ್ದಾಗಿ ಬರಬೇಕು, ತಡ ಮಾಡಿದರೆ ದಿನಕ್ಕಿಷ್ಟು ಡೆಮರೇಜ್ ದಂಡ ಅಂತ ನನಗೆ ಹೇಳಿಕೊಡುತ್ತಿದ್ದರು. ಆ ಡೆಮರೇಜ್ ಅವರು ಯಾರಿಗೂ ಬಿಟ್ಟವರಲ್ಲ. ಚಾಚಾನ ಮದುವೆಯ ಪಾತ್ರೆಗಳು ಮೂರು ದಿನ ಹೆಚ್ಚು ಬಿದ್ದದ್ದಕ್ಕೆ ಸ್ವಂತ ತಮ್ಮನಿಂದಲೇ ವಸೂಲು ಮಾಡಿದ್ದನ್ನು ಚಾಚಾ ಇವತ್ತಿಗೂ ಆಡಿಕೊಳ್ಳುತ್ತಾನೆ.

ಇವತ್ತು ಬೆಳಿಗ್ಗೆ ಅಬ್ಬಾ ಅಮ್ಮಿಯಿಂದ ಟ್ರಂಕು ತೆಗೆಸಿ, ಬರೆಯದೆ ಖಾಲಿ ಉಳಿದಿದ್ದ ಹಳೇ ಬಿಲ್ಟಿ ಪುಸ್ತಕ, ಮಾರ್ಕರ್ ಎರಡನ್ನೂ ಮಂಚಕ್ಕೆ ತರಿಸಿಕೊಂಡರು. ನನಗೆ ಚಹಾ ಮಾಡು ಅಂತ ಹೊರಗೆ ಕಳಿಸಿದರು. ಚಹಾ ಆಗಿ ಆರಿದೆ. ಕರೆದಿಲ್ಲ. ಅಡುಗೆಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಲ್ಯಾಪ್‌ಟಾಪ್ ಚಿಂತೆ ಬೇಡ, ದಿವ್ಯಾ ತನ್ನದನ್ನು ಕೊಡುತ್ತಾಳೆ. ಡಬ್ಬಕ್ಕೆ ಸಾರಿ. ನೀನು ಬೈದರೂ ನಡೆಯುತ್ತದೆ, ನೀಲಿ ಗೆರೆ ಮಾತ್ರ ಕಳಿಸಬೇಡ.

ಅಮ್ಮಿಯ ದುವಾ ನಿನ್ನ ಬೆನ್ನಿಗಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ಹುಮಾ

ಮರೆತಿದ್ದು: ಮಾಜ್ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ಅಬ್ಬಾ ಈಗ ಕರೆದರು. ಬಿಳಿ ಕಲೆಯ ಮೇಲೆ ಎಡಗೈಯಲ್ಲಿ ಬರೆದಿದ್ದಾರೆ, ಒಂದನೇ ಕ್ಲಾಸಿನವರ ಅಕ್ಷರದ ಹಾಗಿದೆ, ಆದರೂ ಓದಲು ಬರುತ್ತದೆ: ‘ಫರಾಜ್, ಯಲ್ಲಾಪುರ’. 1/1 ಮೊದಲಿನದೇ. ಡಬ್ಬವನ್ನು ಮಾಜ್‌ನ ಬ್ಯಾಗಿನಲ್ಲಿ ಹಾಕಲು ಹೋದೆ, ಅಬ್ಬಾ ಬಿಡಲಿಲ್ಲ. ಬಿಲ್ಟಿಯನ್ನು ಮಾತ್ರ ಕೊಟ್ಟರು, ಈ ಕಾಗದದ ಜೊತೆ ಮಡಿಸಿ ಇಟ್ಟಿದ್ದೇನೆ. ಗೋಡೌನ್ ಡೆಲಿವರಿ ಅಂತ ಬರೆದಿದ್ದಾರೆ. ಡೆಮರೇಜ್ ಅನ್ನುವ ಕಡೆ ನೋಡು. ಅಲ್ಲಿ ಅಡ್ಡ ಗೆರೆ ಎಳೆದಿದ್ದಾರೆ.