ಪಾಟಾದ ಮೇಲಿನ ವಿಭೂತಿ

ಡಿ. 12, ಗುರುವಾರ

ಅಳಿಯ ರೇವಣಸಿದ್ದ ಓಡಿಸುವ ಟ್ಯಾಂಕರ್ ಮತ್ತೆ ನಮ್ಮ ಶಹಾಪುರದ ಕಮಾನು ಅಂಗಡಿಗೆ. ಕಮಾನಿನ ಪಾಟಾ, ಗಾಡಿಯ ಭಾರ ಹೊರುವ ಸ್ಪ್ರಿಂಗಿನ ಪಟ್ಟಿ, ಮತ್ತೆ ಮುರಿದಿದೆ, ಅದೇ ಕ್ಲ್ಯಾಂಪಿನ ಹತ್ತಿರ. ಫ್ಯಾಕ್ಟರಿಯ ಆಸಿಡ್ ನೀರು ಸೋರಿ ಸೋರಿ ಅಲ್ಲೇ ಬೀಳುತ್ತದೆ. ಮುಚ್ಚಳ ರಿಪೇರಿ ಮಾಡಿಸಿ ಎಂದರೆ, ಗಾಡಿ ಮಾಲಕ ಹಣಮಂತ್ರಾಯ ಹೈದರಾಬಾದಿನಿಂದ ಗಡಸು ಉಕ್ಕಿನ ಪಾಟಾ ತಂದಿದ್ದಾನೆ.

"ಸಾವ್ಕಾರ್ರ, ಉಕ್ಕು ಗಡಸಾದಷ್ಟೂ ಆಸಿಡ್‌ನ್ಯಾಗ ಲಗೂ ಬಿರೀತದ್ರಿ."

"ನಿನ್ನ ಮಾಲು ಹೋಗಂಗಿಲ್ಲಂತ ಹೊಟ್ಟಿಉರಿ ನಿನಗ!"

ಅರ್ಧ ನಿಜ. ಹಾಕಿಕೊಟ್ಟೆ. ಗಿರಾಕಿ ಬಿಡುವಷ್ಟು ಶ್ರೀಮಂತ ನಾನಲ್ಲ.

ಡಿ. 29, ಸಂಜೆ

ನಾಳೆ ಅಮಾವಾಸ್ಯೆಯ ಗಾಡಿ ಪೂಜೆಗೆಂದು ಅಳಿಯ ಟ್ಯಾಂಕರ್ ನಮ್ಮಲ್ಲಿ ನಿಲ್ಲಿಸಿ ಹೋದ. ಪಾಟಾ ತೊಳೆದೆ. ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ವಿಭೂತಿ ಉದುರಿಸಿದೆ. ಬಿರುಕಿದ್ದರೆ ಒಳಗಿನ ಎಣ್ಣೆ ಬೂದಿಗೆ ಏರುತ್ತದೆ.

ಏರಿತು. ಕೂದಲಿನಂಥ ಕಪ್ಪು ಗೆರೆ... ತಿಂಗಳೂ ಆಗಿಲ್ಲ!

ನಾಳೆ ಬಿಚ್ಚಿದರಾಯಿತು. ಎಳ್ಳ ಅಮಾವಾಸ್ಯೆ — ಯಾರು ಗಾಡಿ ತೆಗೆಯುತ್ತಾರೆ?

ಡಿ. 30, ಬೆಳಗ್ಗೆ 8

ಟ್ಯಾಂಕರ್ ಇಲ್ಲ. ಮೆಕ್ಯಾನಿಕ್ ಅಸದ ಹೇಳಿದ:

"ಅಳಿಯಾರು ಒಯ್ದರ್ರಿ. ಸಾವ್ಕಾರ್ರ ಫೋನ್ ಬಂದಿತ್ತಂತ. ಪಾಟಾದ ಮ್ಯಾಲ ವಿಭೂತಿ ನೋಡಿ ಕೈ ಮುಗಿದ್ರು. 'ಮಾವ ಆಗಲೇ ಪೂಜಿ ಮುಗಿಸ್ಯಾನ' ಅಂದ್ರು."

ಅಳಿಯ ಫೋನ್ ಎತ್ತುತ್ತಿಲ್ಲ. ಬೈಕ್ ತರಲು ಅಸದ ಹೋಗಿದ್ದಾನೆ. ಟ್ಯಾಂಕರ್ ಹೋದದ್ದು ಸುರಪುರ ರಸ್ತೆಗೆ...

ಜ. 4

ಸುರಪುರದ ಇಳಿಜಾರಿನಲ್ಲಿ ಪಾಟಾ ಹೋಯಿತು. ಟ್ಯಾಂಕರ್ ಮಗುಚಿತು. ರೇವಣಸಿದ್ದನ ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ.

ಮುರಿದ ತುಂಡು ನೋಡಿದೆ. ಒಂದು ಅಂಚಿನಿಂದ ಒಳಗಿನವರೆಗೂ ಹಳೆಯ ತುಕ್ಕು, ಇನ್ನೊಂದು ಅಂಚಿನಲ್ಲಷ್ಟೇ ಹೊಸ ಹೊಳಪು. ಅವತ್ತು ಮುರಿದದ್ದಲ್ಲ ಅದು. ಹಾಕಿದಾಗಿನಿಂದ ಮುರಿಯುತ್ತಲೇ ಇತ್ತು.

ಕಲಬುರಗಿ ಆಸ್ಪತ್ರೆಗೆ ಹಣಮಂತ್ರಾಯ ಬಂದ, ಮೋಸಂಬಿ ಹಿಡಿದು.

"ಪೂಜಿ ಮಾಡಿ ಕಳಿಸಿದಾಂವ ನೀನೇ ಅಲ್ಲೇನೋ ಸೂಗಪ್ಪ?"

"ಪೂಜಿ ಅಲ್ರಿ, ಬಿರುಕು ಹುಡುಕಿದ್ದು!"

"ಹೌದಾ? ಸಿಕ್ಕಿತ್ತೇನು?"

ಮಾತಿನ ಮೇಲೆ ಅಂಗಡಿ ಕಟ್ಟಿದವನು ನಾನು. ಮೋಸಂಬಿ ಚೀಲ ತೆಗೆದುಕೊಂಡು ಅಳಿಯನ ಮಂಚದ ಕೆಳಗಿಟ್ಟೆ.

ಜ. 19

ಅಳಿಯನನ್ನು ಮನೆಗೆ ತಂದೆವು. ಸಾವ್ಕಾರನ ಮಾತು ಮಗಳ ಕಿವಿಗೂ ಬಿದ್ದಿದೆ. ರೊಟ್ಟಿ ಬಡಿಯುತ್ತ, ಮುಖ ಎತ್ತದೆ ಕೇಳಿದಳು ಗೊಲ್ಲಾಳಮ್ಮ:

"ಅಪ್ಪಾ, ಹಿಂದಿನ ದಿನಾನೇ ಗೊತ್ತಿತ್ತೇನು ನಿನಗ?"

"ಗೊತ್ತಿತ್ತವ್ವಾ."

"ಮತ್ತ... ಒಂದು ಫೋನ್?"

ಇತ್ತು. ಜೇಬಿನಲ್ಲೇ ಇತ್ತು. ಆ ಸಂಜೆ ನಾನು ಬರೆದಿಟ್ಟದ್ದು ಇಷ್ಟೇ: ನಾಳೆ ಬಿಚ್ಚಿದರಾಯಿತು.